ಕಪಾಟು ಮಾಡಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅಡುಗೆಮನೆ ಕಪಾಟಿಗೆ ಯಾವ ಹಲಗೆ ಒಳ್ಳೆಯದು ಎಂದು ಇಲ್ಲಿ ಮೂರ್ನಾಲ್ಕು ಜನ ಕೇಳಿದ್ದೀರಿ. ನಮ್ಮ ಕೊಡಗಿನಲ್ಲಿ ಮಳೆಗಾಲ ಬಂದರೆ ಗೋಡೆಯೇ ಬೆವರುತ್ತದೆ, ಅಲ್ವಾ? ಸಿಂಕ್ ಕೆಳಗೆ ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ), ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳಿಂದ ಹಾಗೆಯೇ ಮಾಡಿದ್ದು) ದಯವಿಟ್ಟು ಬೇಡ. ಅಂಚಿನಿಂದ ನೀರು ಕುಡಿದು ಊದುತ್ತವೆ, ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ನಮ್ಮ ಮನೆಯಲ್ಲಿ ಒಂದೇ ಮಳೆಗಾಲಕ್ಕೆ ಸ್ಕ್ರೂ ಕಿತ್ತು ಬಾಗಿಲು ಜೋತುಬಿತ್ತು.

ಅಲ್ಲಿಗೆ ಐಎಸ್ 710 (ನೀರು ತಡೆಯುವ 'ಮರೀನ್' ಪ್ಲೈವುಡ್‌ಗಿರುವ ಭಾರತೀಯ ಮಾನದಂಡ) ಮುದ್ರೆಯ ಪ್ಲೈವುಡ್ಡೇ ಬೇಕು. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಅಂಗಡಿಯಲ್ಲಿ ಬಾಯಿಮಾತಿಗೆ 'ಮರೀನ್' ಎಂದರೆ ಸಾಲದು, ಹಲಗೆಯ ಮೇಲಿನ ಮುದ್ರೆ ನೋಡಿ. ಬೆಲೆ ಜಾಸ್ತಿಯೇ, ಆದರೆ ಬಾಳಿಕೆ ಬರುತ್ತದೆ.

ಎಂಡಿಎಫ್ ನುಣುಪು, ಒಣ ಕೋಣೆಯಲ್ಲಿ ಬಣ್ಣ ಬಳಿಯುವ ಬಾಗಿಲಿಗೆ ಚೆನ್ನ. ಯಾವ ಹಲಗೆಯಾದರೂ ಕತ್ತರಿಸಿದ ಅಂಚಿಗೆ ಪಟ್ಟಿ ಅಂಟಿಸಲು ಬಡಗಿಯವರಿಗೆ ಮೊದಲೇ ಹೇಳಿ.