ಯುದ್ಧದಲ್ಲಿ ಮಡಿದ ಊರಿನ ಸಿಪಾಯಿಯ ಮನೆ ಹುಡುಕುವವರಿಗೆ

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದಲ್ಲಿ (1939–45) ತೀರಿಕೊಂಡ ನಮ್ಮೂರಿನ ಸಿಪಾಯಿಯ ಕುಟುಂಬದ ವಿವರ ಒಟ್ಟು ಮಾಡುತ್ತಿದ್ದೇವಲ್ಲ, ಆ ಬಗ್ಗೆ.

ಯುದ್ಧದಲ್ಲಿ ಮಡಿದವರ ದಾಖಲೆ ಇಟ್ಟಿರುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಉಡುಪಿ ಜಿಲ್ಲೆ ಅಂತ ಹುಡುಕಬೇಡಿ. ನಮ್ಮ ಜಿಲ್ಲೆ ಆದದ್ದೇ 1997ರಲ್ಲಿ. ಯುದ್ಧದ ಕಾಲದಲ್ಲಿ ಇದು ಮದ್ರಾಸ್ ಪ್ರಾಂತ್ಯದ ಸೌತ್ ಕೆನರಾ ಜಿಲ್ಲೆಯಲ್ಲಿತ್ತು. ಉಡುಪಿಯನ್ನು ಇಂಗ್ಲಿಷಿನಲ್ಲಿ 'ಉಡಿಪಿ' ಎಂದು ಬರೆಯುತ್ತಿದ್ದರು, ಆ ಸ್ಪೆಲ್ಲಿಂಗನ್ನೂ ಹಾಕಿ ನೋಡಿ.

ಅಲ್ಲಿ ಕೆಲವರ ಹೆಸರಿನ ಜೊತೆ 'ಇಂಥವರ ಮಗ, ಇಂಥ ಊರು' ಎಂದಿರುತ್ತದೆ. ತೊಡಕು ಶುರುವಾಗುವುದೇ ಅಲ್ಲಿ. ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿ, ಅಳಿಯಸಂತಾನ ಅಂತಲೂ ಹೇಳುತ್ತಾರೆ) ಮನೆಯ ಹುಡುಗನಾದರೆ ಅಪ್ಪನ ಹೆಸರು ಹಿಡಿದು ಹೋದವರು ಬೇರೆಯದೇ ಮನೆ ಮುಟ್ಟುತ್ತಾರೆ. ಅವನ ಬಳಿ (ಗೋತ್ರದ ಹಾಗೆ ವಂಶದ ಹೆಸರು), ಕುಟುಂಬ, ಆಸ್ತಿ ಎಲ್ಲ ತಾಯಿಯ ಕಡೆಯದು. ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಕೊಟ್ಟ ಅಳಿಯಸಂತಾನ ಕಾಯಿದೆ ಬಂದದ್ದು 1949ರಲ್ಲಿ, ಯುದ್ಧ ಮುಗಿದ ಮೇಲೆ. ಹಾಗಾಗಿ ಅಜ್ಜಿಯ ಹೆಸರು, ಸೋದರಮಾವನ ಹೆಸರು, ಕುಟುಂಬದ ಮನೆ ಯಾವುದು, ನಾಗಬನ ಎಲ್ಲಿ ಅಂತ ಕೇಳಿ. ನಾಗನಿಗೆ ತಂಬಿಲ (ಪೂಜೆ) ಕೊಡಲು ಎಲ್ಲಿಗೆ ಹೋಗುತ್ತೀರಿ ಎಂದರೆ ಹಿರಿಯರು ತಕ್ಷಣ ಹೇಳುತ್ತಾರೆ, ತಾರೀಕು ಮಾತ್ರ ಕೇಳಬೇಡಿ! ಬ್ರಾಹ್ಮಣರಲ್ಲಿ, ಕ್ರಿಶ್ಚಿಯನ್ನರಲ್ಲಿ ಅಪ್ಪನ ಕಡೆಯೇ. ಕ್ರಿಶ್ಚಿಯನ್ನರಿಗೆ ಇಗರ್ಜಿಯ (ಚರ್ಚಿನ) ರಿಜಿಸ್ಟರೂ ಉಂಟು.

ಅಜ್ಜ-ಅಜ್ಜಿಯರು ತುಳುವಿನಲ್ಲಿ ಹೇಳಿದರೆ ಹಾಗೇ ರೆಕಾರ್ಡ್ ಮಾಡಿ, ಕನ್ನಡಕ್ಕೆ ತರುವುದು ಆಮೇಲೆ. ಪಿಂಚಣಿ ಕಾಗದ, ಪದಕದ ಫೋಟೊ ಈ ಗ್ರೂಪಿನಲ್ಲಿ ಹಾಕಬೇಡಿ, ಆ ಮನೆಯವರ ಒಪ್ಪಿಗೆ ಕೇಳಿ ನನಗೆ ಪ್ರತ್ಯೇಕ ಕಳಿಸಿ. ಇನ್ನು ನಾಲ್ಕು ದಿನ ಗುಡ್ ಮಾರ್ನಿಂಗ್ ಚಿತ್ರಗಳೂ ಬೇಡ ಮಾರಾಯ್ರೆ.