ನದಿ ಸಾಕು, ಕಾವಲಿನವರನ್ನು ಬರೆ

ಪ್ರಿಯ ತಮ್ಮಾ,

ಚೀನಾದ ಯಾಂಗ್ತ್ಸೆ ನದಿಯ ಬಗ್ಗೆ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಮೊದಲ ಎರಡು ಪುಟ ಬರೀ ನದಿಯ ಗುಣಗಾನ. ‘ತಿನ್‌ಚಿಮ್’ ಅನ್ನೋ ಕ್ಯಾಂಟೊನೀಸ್ (ದಕ್ಷಿಣ ಚೀನಾದ ಮಾತು) ಪದ ಹುಡುಕಿ ತಂದು, ಆಕಾಶವೇ ತೋಡಿದ ಕಂದಕ ಅಂತ ಅರ್ಥವನ್ನೂ ಕೊಟ್ಟಿದ್ದೀಯ. ಸಂತೋಷ. ಆಮೇಲೆ ಪ್ಯಾರಾಕ್ಕೊಂದು ಸಲ ಅದನ್ನೇ ಹಾಕಿದ್ದು ಯಾಕೆ? ಹಾಂಗ್‌ಕಾಂಗ್‌ನಲ್ಲೂ ಅದು ಪುಸ್ತಕದ ಮಾತು, ಸಂತೆಯ ಮಾತಲ್ಲ.

ಆ ಮಾತನ್ನು ನೆಚ್ಚಿಕೊಂಡು ಕೂತವನು ಯಾರು ನೋಡು. ನದಿಯ ದಕ್ಷಿಣಕ್ಕಿದ್ದ ಚೆನ್ ರಾಜ್ಯದ ಮಂತ್ರಿ ಕಾಂಗ್ ಫಾನ್. ಉತ್ತರದ ಸುಯಿ ಸೈನ್ಯ ಆಚೆ ದಡಕ್ಕೆ ಬಂದಿದೆ. ಇವನು ದೊರೆಗೆ ಹೇಳುತ್ತಾನೆ, ಇಂಥ ಕಂದಕ ಇರುವಾಗ ಅವರೇನು ಹಾರಿ ಬರುತ್ತಾರಾ ಅಂತ. ವೈರಿಗಳ ಕುದುರೆ ಸತ್ತವಂತೆ ಎಂದು ಗಾಳಿಸುದ್ದಿ ಬಂದಾಗ, ‘ಅವು ನಮ್ಮ ಕುದುರೆಗಳು, ಯಾಕೆ ಸತ್ತವು?’ ಅಂದನಂತೆ, ಹೇಗೂ ಗೆದ್ದು ನಾವೇ ಹಿಡಿಯೋ ಕುದುರೆ ಅನ್ನೋ ಹಾಗೆ. ದೊರೆ ನಕ್ಕ. ಕುಡಿತ, ಹಾಡು ನಡೆದೇ ಇತ್ತು. ನಿನ್ನ ಲೇಖನದಲ್ಲಿ ಈ ಕುದುರೆಗಳೇ ಇಲ್ಲ!

ಸುಯಿ ಸೇನಾಪತಿ ಹೆ ರುವೋಬಿ ಮಾಡಿದ್ದನ್ನೂ ಬಿಟ್ಟಿದ್ದೀಯ. ತನ್ನ ದಡದ ಕಾವಲು ಪಡೆ ಬದಲಾದಾಗಲೆಲ್ಲ ಬಾವುಟ ಹಾರಿಸಿ, ಡೇರೆ ಹಾಕಿಸುತ್ತಿದ್ದ. ಚೆನ್ ಸೈನಿಕರು ಮೊದಲು ಗಾಬರಿಯಾಗಿ ಸಜ್ಜಾದರು. ಆಮೇಲೆ, ಇದು ಇದ್ದಿದ್ದೇ ಬಿಡು ಅಂತ ಸುಮ್ಮನಾದರು. 589ರ ಹೊಸವರ್ಷದ ಹೊತ್ತಿಗೆ ಅವನು ನದಿ ದಾಟಿಯೇಬಿಟ್ಟ. ಅತ್ತ ಚೈಷಿ ಅನ್ನೋ ದಡದಲ್ಲಿ ಇನ್ನೊಬ್ಬ ಸುಯಿ ಸೇನಾಪತಿ ಹಾನ್ ಚಿನ್‌ಹು ಬರೀ 500 ಜನರನ್ನು ಕಟ್ಟಿಕೊಂಡು ರಾತ್ರಿ ದಾಟಿದ. ಅಲ್ಲಿ ಕಾವಲಿನವರೆಲ್ಲ ಕುಡಿದು ಬಿದ್ದಿದ್ದರು. ಕೊನೆಗೆ ಚೆನ್ ದೊರೆ ಅಡಗಿದ್ದು ಅರಮನೆಯ ಬಾವಿಯಲ್ಲಿ. ಹಗ್ಗ ಎಳೆದ ಸುಯಿ ಸೈನಿಕರಿಗೆ ಇದೇನಪ್ಪಾ ಇಷ್ಟು ಭಾರ ಅನ್ನಿಸಿತು. ನೋಡಿದರೆ ಇಬ್ಬರು ರಾಣಿಯರೂ ಅದೇ ಹಗ್ಗದಲ್ಲಿ!

ಇಷ್ಟನ್ನೂ ನೀನು ‘ಚೆನ್ ಸಾಮ್ರಾಜ್ಯ ಪತನಗೊಂಡಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನದಿ ಎಷ್ಟು ಭಯಂಕರ ಅಂತ ನೂರು ಸಲ ಹೇಳಿದರೂ ಓದುವವನಿಗೆ ಚಳಿ ಹತ್ತುವುದಿಲ್ಲ. ಆ ರಾತ್ರಿ ದಡದಲ್ಲಿ ಯಾರು ಎಚ್ಚರ ಇದ್ದರು, ಯಾರು ಇರಲಿಲ್ಲ, ಅದು ಬೇಕು.

ಸೇತುವೆ ಬಂದು ಈ ಕಂದಕ ದಾರಿಯಾಗುತ್ತದೆ ಅನ್ನೋ 1956ರ ಮಾವೋ ಪದ್ಯ, ಅದರಲ್ಲಿ ಬರುವ 1957ರ ವೂಹಾನ್ ಸೇತುವೆ ಇರಲಿ, ಆದರೆ ಎರಡು ಸಾಲು ಜಾಸ್ತಿಯಾಯಿತು. ಬದಲಿಗೆ ಚೆನ್ ರಾಜಧಾನಿಯಾಗಿದ್ದ ನಾನ್‌ಜಿಂಗ್‌ಗೇ ಮತ್ತೆ ಹೋಗು. 1968ರಲ್ಲಿ ಅಲ್ಲಿ ಸೇತುವೆ ಆಗುವವರೆಗೂ ರೈಲಿನ ಬೋಗಿಗಳನ್ನೇ ಹಡಗಿಗೆ ಏರಿಸಿ ನದಿ ದಾಟಿಸುತ್ತಿದ್ದರು. ಬೋಗಿ ಬಿಚ್ಚುವುದು, ಏರಿಸುವುದು, ಆಚೆ ಮತ್ತೆ ಜೋಡಿಸುವುದು, ಅದನ್ನು ವಿವರವಾಗಿ ಬರೆದು ಕಳಿಸು. ಓದಲು ಕಾದಿರುತ್ತೇನೆ.

ನಿನ್ನ,
ಅಣ್ಣ