ಮೆತ್ತಗಾದ ದೋಣಿ ಸೀಟಿಗೆ ಮೇಲಿಂದ ತೇಪೆ ಹಾಕಬೇಡಿ

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಓಡಾಟಕ್ಕೆ ತೆರೆದ ಮೇಲೆ ಶರಾವತಿ ಹಿನ್ನೀರಿನ ಮೇಲೆ ಎಲ್ಲರ ಕಣ್ಣು ಬಿದ್ದಿದೆ. ದೋಣಿ ವಿಹಾರ ಮಾಡಬಹುದು, ಹೋಂಸ್ಟೇ ಮಾಡಬಹುದು ಅನ್ನುವ ಮಾತು ಎಲ್ಲ ಕಡೆ ಇದೆ. ಒಳ್ಳೆಯದೇ. ಆದರೆ ಈಗಾಗಲೇ ದಡದಲ್ಲಿ ಬಿದ್ದಿರುವ, ತೋಟದ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗಿರುವ ಹಳೇ ಫೈಬರ್ ದೋಣಿಗಳ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಅದರಲ್ಲೂ ಹಾಯಿದೋಣಿಗಳು. ಇವುಗಳ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ಕೂರುವ ಜಾಗಕ್ಕೆ ಕಾಕ್‌ಪಿಟ್ ಅಂತಾರೆ. ದೋಣಿ ಹಳೆಯದಾದಂತೆ ಅಲ್ಲಿನ ಸೀಟು ಮೆತ್ತಗಾಗುವುದು, ಬಿರುಕು ಬಿಡುವುದು ತೀರಾ ಸಾಮಾನ್ಯ. ಕಾಲಿಟ್ಟರೆ ತಗ್ಗುತ್ತದೆ, ತೆಗೆದರೆ ಏಳುತ್ತದೆ. ಅದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: ಮೇಲೊಂದು ಪದರ ಗಾಜಿನ ಎಳೆಗಳ ಮ್ಯಾಟ್ ಹಾಕಿ, ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ದ್ರವ) ಬಳಿದು, ಬಣ್ಣ ಹೊಡೆದುಬಿಡಿ. ದಯವಿಟ್ಟು ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಈ ಪತ್ರ.

ಈ ಸೀಟು ಒಂದೇ ಗಟ್ಟಿ ಹಲಗೆ ಅಲ್ಲ. ಮೇಲೊಂದು ತೆಳು ಫೈಬರ್ ಪದರ, ಕೆಳಗೊಂದು ಪದರ, ನಡುವೆ ತಿರುಳು. ತಿರುಳು ಅಂದರೆ ಬಾಲ್ಸಾ ಅನ್ನುವ ತುಂಬಾ ಹಗುರ ಮರ, ಪ್ಲೈವುಡ್ ಅಥವಾ ಫೋಮ್. ಮೂರೂ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಮಾತ್ರ ಸೀಟಿಗೆ ಬಲ. ತಿರುಳು ಕೊಳೆತರೆ, ಇಲ್ಲವೇ ಅಂಟು ಬಿಟ್ಟರೆ, ಎರಡು ತೆಳು ಪದರ ಬೇರೆ ಬೇರೆಯಾಗಿ ಬಾಗುತ್ತವೆ. ಅದೇ ನಮ್ಮ ಕಾಲಿಗೆ ಮೆತ್ತಗೆ ಸಿಗುವುದು. ರೋಗ ಇರುವುದು ಒಳಗೆ. ಮೇಲೆ ಎಷ್ಟು ಪದರ ಹೊಡೆದರೂ ಒಳಗಿನ ನೀರು ಒಳಗೇ ಇರುತ್ತದೆ, ಅಲ್ವಾ?

ಆ ನೀರು ಒಳಗೆ ಇಳಿಯುವುದು ಹೆಚ್ಚಾಗಿ ಸ್ಕ್ರೂ ತೂತುಗಳಿಂದ. ಸೀಟಿನ ಕೆಳಗಿನ ಲಾಕರ್ ಮುಚ್ಚಳದ ಹಿಂಜ್, ಹಗ್ಗ ಕಟ್ಟುವ ಕ್ಲೀಟ್, ಹಗ್ಗ ಸುತ್ತಿ ಎಳೆಯುವ ವಿಂಚ್ ಕೂರಿಸಿದ ಜಾಗ, ಹೀಗೆ ಎಲ್ಲೆಲ್ಲಿ ತಿರುಳಿನೊಳಗೆ ಸ್ಕ್ರೂ ಇಳಿದಿದೆಯೋ ಅಲ್ಲೆಲ್ಲ. ನಾವು ಕೆಲವು ಸ್ನೇಹಿತರು ಸೇರಿ ಇಟ್ಟುಕೊಂಡಿರುವ ದೋಣಿ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಮಾರುವ ಮೊದಲು ಅಲ್ಲಿನ ಒಂದು ವರ್ಕ್‌ಶಾಪಿನವರು ಸೀಟಿಗೆ ಮೇಲಿಂದ ಹೊಸ ಪದರ ಕೂರಿಸಿ, ಚಂದ ಬಿಳಿ ಬಣ್ಣ ಹೊಡೆದು ಕೊಟ್ಟಿದ್ದರು. ಒಂದು ಮಳೆಗಾಲ ಕಳೆದಿದ್ದೇ ತಡ, ಎಡಗಡೆ ಸೀಟು ಮತ್ತೆ ಕುಸಿಯತೊಡಗಿತು. ಮೇಲಿನ ಪದರ ಕತ್ತರಿಸಿ ಎತ್ತಿದಾಗ ಹಿಂಜಿನ ಹತ್ತಿರದ ಬಾಲ್ಸಾ ಕಪ್ಪಗಾಗಿ, ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಕಾಫಿ ಚರಟದ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಹಿಂಡಿದರೆ ನೀರು ಬಂತು. ಅಲ್ಲಿಂದ ಒಂದು ಮೊಳ ಆಚೆ ಅದೇ ಬಾಲ್ಸಾ ಬೆಳ್ಳಗೆ, ಒಣಗಿ, ಉಗುರು ಒತ್ತಿದರೂ ಕದಲದೆ ಗಟ್ಟಿಯಾಗಿತ್ತು. ಬಾಲ್ಸಾ ತುಂಡುಗಳ ನಾರು ಮೇಲೆ ಕೆಳಗೆ ನಿಲ್ಲುವಂತೆ ಜೋಡಿಸಿರುತ್ತಾರೆ, ಹಾಗಾಗಿ ನೀರು ಅಕ್ಕಪಕ್ಕಕ್ಕೆ ನಿಧಾನವಾಗಿ ಹರಡುತ್ತದೆ. ಬೇಗ ನೋಡಿಕೊಂಡರೆ ಕತ್ತರಿಸಬೇಕಾದ ಜಾಗವೂ ಕಡಿಮೆ.

ಎಷ್ಟು ದೂರ ಕೊಳೆತಿದೆ ಅಂತ ತಿಳಿಯಲು ಯಂತ್ರ ಬೇಕಿಲ್ಲ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಸೀಟಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಳ್ಳೆ ಜಾಗ ಟಣ್ ಅನ್ನುತ್ತದೆ, ಕೆಟ್ಟ ಜಾಗ ದಬ್ ಅನ್ನುತ್ತದೆ. ಶಬ್ದ ಬದಲಾದ ಕಡೆ ಪೆನ್ಸಿಲಿನಿಂದ ಗುರುತು ಹಾಕಿ. ಬಿರುಕನ್ನೂ ಗಮನಿಸಿ. ಒಂದು ಬಿಂದುವಿನಿಂದ ಸುತ್ತಲೂ ನಕ್ಷತ್ರದ ಆಕಾರದಲ್ಲಿ ಹರಡಿದ್ದರೆ ಅಲ್ಲಿ ಏನೋ ಭಾರದ್ದು ಬಿದ್ದಿದೆ. ಮೂಲೆಗುಂಟ ಸಾಲುಸಾಲಾಗಿ ಇದ್ದರೆ ಆ ಜಾಗ ಬಾಗಿ ಬಾಗಿ ದಣಿದಿದೆ. ಬಿರುಕು ಇದೆ ಆದರೆ ಸೀಟು ಗಟ್ಟಿಯಾಗಿದೆ ಅಂದರೆ ಹೆಚ್ಚಾಗಿ ಮೇಲ್ಮೈಯ ಹೊಳಪಿನ ಲೇಪವಾದ ಜೆಲ್‌ಕೋಟ್ ಮಾತ್ರ ಒಡೆದಿರುತ್ತದೆ. ಅದು ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪ ಅಷ್ಟೇ. ಬಿರುಕನ್ನು ವಿ ಆಕಾರಕ್ಕೆ ಕೆರೆದು, ಹೊಸ ಜೆಲ್‌ಕೋಟ್ ತುಂಬಿ ಉಜ್ಜಿದರೆ ಮುಗಿಯಿತು.

ಮೆತ್ತಗಿದ್ದರೆ ಮಾತ್ರ ಬಿಚ್ಚಲೇಬೇಕು. ತೂತು ಕೊರೆದು ಸಿರಿಂಜಿನಲ್ಲಿ ಎಪಾಕ್ಸಿ (ಗಟ್ಟಿಯಾಗಿ ಅಂಟುವ ಒಂದು ಬಗೆಯ ರೆಸಿನ್) ತುಂಬಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ತಿರುಳು ಒಣಗಿದ್ದು ಬರೀ ಅಂಟು ಬಿಟ್ಟಿದ್ದರೆ ಅದು ಕೆಲಸ ಮಾಡುತ್ತದೆ, ಒದ್ದೆ ತಿರುಳಿಗೆ ಮಾಡುವುದಿಲ್ಲ. ಅಂಚಿನಲ್ಲಿ ಎರಡಿಂಚಿನಷ್ಟು ಪಟ್ಟಿ ಬಿಟ್ಟು ಗ್ರೈಂಡರಿನಿಂದ ಮೇಲಿನ ಪದರ ಮಾತ್ರ ಕತ್ತರಿಸಿ. ಕೆಳಗಿನ ಪದರಕ್ಕೆ ಬ್ಲೇಡ್ ತಾಗಬಾರದು. ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದು ತೆಗೆಯಿರಿ, ಗಟ್ಟಿ ಬೆಳ್ಳನೆ ಮರ ಸಿಗುವವರೆಗೂ. ಆಮೇಲೆ ಒಣಗಲು ಬಿಡಿ.

ಇಲ್ಲೇ ನಮ್ಮ ಮಲೆನಾಡಿನವರು ಎಚ್ಚರ ವಹಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಳಗಿಟ್ಟ ಬಟ್ಟೆಯೇ ಬೂಷ್ಟು ಹಿಡಿಯುತ್ತದೆ, ಇನ್ನು ದೋಣಿಯೊಳಗಿನ ಮರ ಒಣಗುವುದೆಲ್ಲಿ? ಅಡಿಕೆ ಒಣಗಿಸುವ ದಿನಗಳಿಂದ ಹಿಡಿದು ಬೇಸಿಗೆ ಮಳೆ ಶುರುವಾಗುವ ತನಕ ಇದಕ್ಕೆ ಸರಿಯಾದ ಕಾಲ. ಹಿನ್ನೀರು ಇಳಿದು ದಡ ಅಗಲವಾಗಿರುತ್ತದೆ, ದೋಣಿ ಎಳೆದು ನಿಲ್ಲಿಸಲೂ ಸುಲಭ. ಮೇಲೆ ಟಾರ್ಪಾಲಿನ ಚಪ್ಪರ ಹಾಕಿ, ಗಾಳಿಯಾಡಲು ಬಿಟ್ಟು, ಕರೆಂಟ್ ಸಿಗುವ ಕಡೆ ಫ್ಯಾನ್ ಇಡಿ. ಅವಸರ ಬೇಡ. ಈ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ತಿರುಳಿಗೆ ಪ್ಲೈವುಡ್ ಹಾಕುವುದಾದರೆ ಐಎಸ್ 710 (ಮರೀನ್ ಪ್ಲೈಗೆ ಇರುವ ಭಾರತೀಯ ಮಾನದಂಡ) ಗುರುತಿರುವ ಮರೀನ್ ಪ್ಲೈಯನ್ನೇ ಕೇಳಿ ತನ್ನಿ. ಅಂಚುಗಳಿಗೆಲ್ಲ ಮೊದಲೇ ಎಪಾಕ್ಸಿ ಕುಡಿಸಿ. ಆಮೇಲೆ ಗಟ್ಟಿ ಪೇಸ್ಟ್ ಹದಕ್ಕೆ ಬೆರೆಸಿದ ಎಪಾಕ್ಸಿ ಹಚ್ಚಿ ಕೂರಿಸಿ, ಮೇಲೆ ಸಮನಾಗಿ ಭಾರ ಇಡಿ. ಒಳಗೆ ಎಲ್ಲೂ ಗಾಳಿ ಉಳಿಯಬಾರದು. ಕತ್ತರಿಸಿದ ಪದರ ಚೆನ್ನಾಗಿದ್ದರೆ ಅದನ್ನೇ ಮತ್ತೆ ಅಂಟಿಸಬಹುದು. ಆದರೆ ಜೋಡಣೆಯ ಎರಡೂ ಕಡೆ ಇಳಿಜಾರಾಗಿ ಉಜ್ಜಬೇಕು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. ಮೂರು ಮಿಲಿಮೀಟರ್ ದಪ್ಪದ ಪದರಕ್ಕೆ ಸುಮಾರು ಒಂದೂವರೆ ಇಂಚು. ಆ ಇಳಿಜಾರಿನ ಮೇಲೆ ಹೊಸ ಗ್ಲಾಸ್ ಬಟ್ಟೆ ಕೂರಿಸಿದರೇ ಜೋಡಣೆಗೆ ಬಲ. ಎಪಾಕ್ಸಿ ಜೊತೆ ನೇಯ್ದ ಬಟ್ಟೆಯನ್ನೇ ಬಳಸಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಚಾಪ್ಡ್ ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಸಾಧಾರಣವಾಗಿ ಪಾಲಿಯೆಸ್ಟರ್ ಅನ್ನುವ ಇನ್ನೊಂದು ಬಗೆಯ ರೆಸಿನ್‌ನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು, ಎಪಾಕ್ಸಿಗೆ ಸರಿಯಾಗಿ ಕರಗುವುದಿಲ್ಲ.

ಪಾಲಿಯೆಸ್ಟರ್ ಅಗ್ಗ, ಹೌದು. ಹೊಸ ದೋಣಿ ಮಾಡುವವರು ಬಳಸುವುದೂ ಅದನ್ನೇ. ಆದರೆ ಗಟ್ಟಿಯಾದ ಹಳೇ ಫೈಬರಿಗೆ ಮತ್ತು ಮರಕ್ಕೆ ಎಪಾಕ್ಸಿ ಹಿಡಿಯುವಷ್ಟು ಅದು ಹಿಡಿಯುವುದಿಲ್ಲ. ರಿಪೇರಿಗೆ ಎಪಾಕ್ಸಿಯೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ಹಾರ್ಡ್ನರ್ ಅಳತೆ ಮಾತ್ರ ಡಬ್ಬಿಯ ಮೇಲೆ ಬರೆದಷ್ಟೇ ಇರಬೇಕು. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಸುರಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಪಾಲಿಯೆಸ್ಟರ್ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಇದನ್ನು ದಯವಿಟ್ಟು ಹುಡುಗರಿಗೆಲ್ಲ ಹೇಳಿ. ನಮ್ಮ ಅಂಗಡಿಗಳಲ್ಲಿ ಈ ರೆಸಿನ್ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಬೇರೆ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಆ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಕ್ಯಾಟಲಿಸ್ಟ್. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಗ್ಲೌಸ್ ಇಲ್ಲದೆ ಡಬ್ಬಿ ಮುಟ್ಟಬೇಡಿ. ಉಜ್ಜುವಾಗ ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ದೂಳಿನ ಮಾಸ್ಕೇ ಬೇಕು.

ಕೊನೆಗೆ ಹಿಂಜ್, ಕ್ಲೀಟ್ ವಾಪಸ್ ಕೂರಿಸುವಾಗ ಹಳೇ ತಪ್ಪು ಮರುಕಳಿಸಬಾರದು. ತೂತನ್ನು ಸ್ಕ್ರೂಗಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಗ ಸ್ಕ್ರೂ ಸುತ್ತ ನೀರು ತಡೆಯಲು ಹಚ್ಚಿದ ಸೀಲೆಂಟ್ ಬಿಟ್ಟುಕೊಟ್ಟರೂ ನೀರು ತಿರುಳಿಗೆ ತಲುಪುವುದಿಲ್ಲ. ಇಷ್ಟು ಸಣ್ಣ ಕೆಲಸವನ್ನು ದೋಣಿ ಕಟ್ಟುವಾಗಲೇ ಮಾಡಿದ್ದರೆ ಎಷ್ಟೋ ಸೀಟುಗಳು ಉಳಿಯುತ್ತಿದ್ದವು.

ಇದನ್ನೆಲ್ಲ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಫೈಬರ್ ದೋಣಿ ಕಬ್ಬಿಣದಂತೆ ಕರಗಿಸಿ ಮತ್ತೆ ಬಳಸುವ ವಸ್ತು ಅಲ್ಲ. ಬಿಸಾಕಿದರೆ ದಡದಲ್ಲೇ ಬಿದ್ದಿರುತ್ತದೆ. ರಿಪೇರಿ ಮಾಡಿದರೆ ಇನ್ನೂ ಎಷ್ಟೋ ವರ್ಷ ಓಡುತ್ತದೆ. ಆದರೆ ಮಾಡುವ ಕೈಗಳು ನಮ್ಮಲ್ಲಿ ಕಡಿಮೆ. ಬಸ್ಸಿನ ಬಂಪರ್, ನೀರಿನ ಟ್ಯಾಂಕಿನ ಫೈಬರ್ ಕೆಲಸ ಗೊತ್ತಿರುವ ಹುಡುಗರು ಶಿವಮೊಗ್ಗದಲ್ಲಿದ್ದಾರೆ. ಒಳಗೆ ತಿರುಳಿರುವ ದೋಣಿ ಸೀಟು ಅವರಿಗೆ ಹೊಸದು, ಕಲಿಸಿದರೆ ಖಂಡಿತ ಕಲಿಯುತ್ತಾರೆ. ಫಿಟ್ಟರ್, ವೆಲ್ಡರ್ ಕಲಿಸುವ ನಮ್ಮ ಐಟಿಐಗಳಲ್ಲಿ ಇದಕ್ಕೂ ಒಂದು ಸಣ್ಣ ತರಬೇತಿ ಇಡಬೇಕು. ಹಿನ್ನೀರಿನಲ್ಲಿ ವಿಹಾರದ ದೋಣಿಗಳಿಗೆ ಅನುಮತಿ ಕೊಡುವವರು ಲೈಫ್ ಜಾಕೆಟ್ ಜೊತೆಗೆ ಸೀಟು, ಡೆಕ್ ತಟ್ಟಿ ನೋಡುವುದನ್ನೂ ತಪಾಸಣೆಗೆ ಸೇರಿಸಬೇಕು. ಗಾಳಿ ಜೋರಾಗಿ ದೋಣಿ ವಾಲಿದಾಗ ಕೂತವರು ಕಾಲು ಒತ್ತಿ ನಿಲ್ಲುವುದು ಆ ಸೀಟಿನ ಮೇಲೆಯೇ. ಕ್ಲೀಟ್ ಕಿತ್ತು ಬಂದರೆ ಹಾಯಿಯ ಹಗ್ಗ ಕೈತಪ್ಪುತ್ತದೆ.

ಸಾಧ್ಯವಾದರೆ ಈ ಪತ್ರವನ್ನು ಬೇಸಿಗೆ ಮಳೆಗೆ ಮೊದಲೇ ಪ್ರಕಟಿಸಿ. ಮಳೆ ಹಿಡಿದ ಮೇಲೆ ಓದಿದವರು ಸೀಟು ಬಿಚ್ಚಲು ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.

ಇಂತಿ,
ಒಬ್ಬ ಓದುಗ, ತಾಳಗುಪ್ಪ, ಸಾಗರ ತಾಲ್ಲೂಕು